ಎರಡು ಹಾಸಿಗೆಯ ದೋಣಿ, ಆರು ಹಾಸಿಗೆಯ ದೋಣಿ

ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಗುವುದಕ್ಕೆಂದು ಯಾರೂ ಟಿಕೆಟ್ ತೆಗೆಸಿ ಎಲ್ಲಿಗೂ ಹೋಗಬೇಕಾಗಿಲ್ಲ. ಬಾಗಿಲು ತೆರೆದಿಟ್ಟು ಕುಳಿತರೆ ಸಾಕು, ಒಂದಲ್ಲ ಒಂದು ಪ್ರಸಂಗ ತಾನಾಗಿಯೇ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತದೆ. ಸಾಫ್ಟ್‌ವೇರಿನವರ ಶೇರುಗಳು ಗಾಳಿಪಟದಂತೆ ಏರುತ್ತಿದ್ದ ಆ ವರ್ಷಗಳಲ್ಲಂತೂ ಕೇಳುವುದೇ ಬೇಡ.

ನಾನು ಆಗ ಒಂದು ಸರ್ಕಾರಿ ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದೆ. ಎದುರು ಮನೆಯವರು ಧಾರವಾಡದವರು. ಯಜಮಾನ ಹೈಟೆಕ್ ಸಿಟಿಯ ಕಂಪನಿಯೊಂದರಲ್ಲಿ ಮ್ಯಾನೇಜರ್. ಮನೆಯಲ್ಲಿ ಕಾಯಂ ಇರುವವರು ಅವನು, ಅವನ ಹೆಂಡತಿ, ಅವನ ತಾಯಿ, ಇಷ್ಟೇ. ಆದರೆ ಆ ಮನೆಯ ಹಾಲಿನಲ್ಲಿ ಚಾಪೆ ಸುತ್ತಿಟ್ಟಿದ್ದನ್ನು ನಾನು ಕಂಡಿಲ್ಲ. ಹಲ್ಲು ಕೀಳಿಸಲು, ಕಣ್ಣು ತೋರಿಸಲು, ಚಾರ್‌ಮಿನಾರ್ ನೋಡಲು, ಏನೂ ನೆವ ಸಿಗದಿದ್ದರೆ ಸುಮ್ಮನೆ, ಧಾರವಾಡದಿಂದ ಮಂದಿ ಬರುತ್ತಲೇ ಇದ್ದರು. ಹೀಗಿರುವ ಮನೆಗೆ ಒಂದು ಹಾಯಿದೋಣಿ ಬೇಕು ಅನಿಸಿತು.

೧. ಸಮುದ್ರದ್ದು ಆಮೇಲೆ

ಒಂದು ಭಾನುವಾರ ಮ್ಯಾನೇಜರ್ ಬಣ್ಣಬಣ್ಣದ ಎರಡು ಪುಸ್ತಿಕೆ ಹಿಡಿದು ಬಂದ.

"ಕಾಕಾ, ನೀವು ಜನ್ಮಪೂರ್ತಿ ಖರೀದಿಯೊಳಗ ಇದ್ದವರು. ಸಣ್ಣದ ತಗೋಬೇಕೋ, ದೊಡ್ಡದ ತಗೋಬೇಕೋ, ಸ್ವಲ್ಪ ಹೇಳ್ರಿ."

ಫ್ರಿಜ್ ಇರಬೇಕು ಎಂದುಕೊಂಡು ಕನ್ನಡಕ ಏರಿಸಿದೆ. ನೋಡಿದರೆ ನೀಲಿ ನೀರು, ಬಿಳಿ ಹಾಯಿ, ಮೇಲೆ ಅರೆಬಟ್ಟೆಯ ದೊರೆಗಳು. ಸಣ್ಣ ದೋಣಿಯಲ್ಲಿ ಇಬ್ಬರು ಮಲಗಬಹುದು, ಒಂದು ಒಲೆ. ದೊಡ್ಡದರಲ್ಲಿ ಆರು ಜನ ಮಲಗಬಹುದು. ಅಡಿಗೆಮನೆ, ಬಾತ್‌ರೂಮು, ಗೀಸರ್ ಎಲ್ಲ ಇತ್ತು. ಅಮೆರಿಕಕ್ಕೆ ಹೋದಾಗ ಇವನ ಬಾಸು ಒಂದು ಮಧ್ಯಾಹ್ನ ತನ್ನ ದೋಣಿಯಲ್ಲಿ ಕೂರಿಸಿಕೊಂಡು ಹೋಗಿದ್ದನಂತೆ. ಬಾಸಿನ ದೋಣಿಗೆ ನಾಲ್ಕು ಹಾಸಿಗೆ. ಅಂದಮೇಲೆ ಇವನಿಗೆ ಆರು ಬೇಕೇ ಬೇಕಲ್ಲ.

"ಸಮುದ್ರ ಎಲ್ಲೈತಿ ತಮ್ಮಾ?" ಅಂದೆ.

"ಗೋವಾದಾಗ ಐತಲ್ರಿ."

"ನಾವು ಕೂಕಟ್‌ಪಲ್ಲಿಯಾಗ ಅದೀವಿ."

"ನೋಡ್ರಿ ಕಾಕಾ, ನೀವು ಪಬ್ಲಿಕ್ ಸೆಕ್ಟರ್ ಮಂದಿ ಬರೇ ಪ್ರಾಬ್ಲಮ್ ನೋಡ್ತೀರಿ. ನಾವು ಸೊಲ್ಯೂಷನ್ ನೋಡ್ತೀವಿ. ಮೊದಲ ಸೈಜ್ ಫೈನಲ್ ಆಗ್ಲಿ, ಸಮುದ್ರದ್ದು ಆಮ್ಯಾಲೆ ನೋಡೂಣು."

ನನ್ನ ಹೆಂಡತಿ ಚಹಾ ತಂದಿಟ್ಟು ಕೇಳಿದಳು, "ನಿನಗ ಈಜಾಕ ಬರತೈತೇನಪಾ?"

"ಇಲ್ರಿ ಕಾಕು," ಅಂದ ಹೆಮ್ಮೆಯಿಂದ. "ಅದಕ್ಕ ದೊಡ್ಡದ ತಗೊಳ್ಳಾಕತ್ತೀನಿ."

೨. ಬಾಗಿಲಿಗಿಂತ ದೊಡ್ಡದು

ಅವನಿಗೆ ಬುದ್ಧಿ ಬರಲೆಂದು ನಮ್ಮ ಕಾರ್ಖಾನೆಯ ಕಥೆಯೊಂದನ್ನು ಹೇಳಿದೆ.

ನಮ್ಮಲ್ಲಿ ಒಮ್ಮೆ ಒಂದು ಯಂತ್ರ ಕೊಳ್ಳಬೇಕಿತ್ತು. ಸಣ್ಣದೊಂದು, ದೊಡ್ಡದೊಂದು, ಎರಡಕ್ಕೂ ಕೊಟೇಶನ್ ಬಂದಿತ್ತು. ನಮಗೆ ಬೇಕಾದ ಕೆಲಸಕ್ಕೆ ಸಣ್ಣದು ಧಾರಾಳವಾಗಿ ಸಾಕು. ಆದರೆ ದೊಡ್ಡ ಸಾಹೇಬರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, "ದೊಡ್ಡದರಲ್ಲಿ ಸಣ್ಣ ಕೆಲಸ ಮಾಡಬಹುದು. ಸಣ್ಣದರಲ್ಲಿ ದೊಡ್ಡ ಕೆಲಸ ಮಾಡಲು ಆಗುತ್ತದೆಯೇ?" ಅಂದರು. ಇಂಥ ಪ್ರಶ್ನೆಗೆ ಯಾರು ಉತ್ತರ ಕೊಡುತ್ತಾರೆ? ಎಲ್ಲರೂ ತಲೆ ಆಡಿಸಿದೆವು, ಯಂತ್ರ ಬಂತು. ಶೆಡ್ಡಿನ ಬಾಗಿಲಿಗಿಂತ ಅದು ಎರಡು ಗೇಣು ಅಗಲವಾಗಿತ್ತು.

ಬಾಗಿಲು ಒಡೆಯಬೇಕೋ ಬೇಡವೋ ಎಂದು ಕಮಿಟಿ ಕೂತಿತು. ಬಾಗಿಲು ಸಿವಿಲ್ ವಿಭಾಗದ್ದು, ಯಂತ್ರ ನಮ್ಮದು. ಅವರು ಯಂತ್ರ ಕೊರೆಯಿರಿ ಅಂದರು, ನಾವು ಗೋಡೆ ಕೊರೆಯಿರಿ ಅಂದೆವು. ಈ ಜಗಳ ಮುಗಿಯುವವರೆಗೆ ಯಂತ್ರ ಅಂಗಳದಲ್ಲಿ ತಾಡಪತ್ರಿ ಹೊದ್ದು ನಿಂತಿತು. ಪ್ರತಿ ಆಯುಧ ಪೂಜೆಗೆ ಅದಕ್ಕೇ ಎಲ್ಲಕ್ಕಿಂತ ದೊಡ್ಡ ಹಾರ. ಕೆಳಗೆ ಬೆಕ್ಕು ಸಂಸಾರ ಹೂಡಿತು. ಸಾಹೇಬರಿಗೆ ಬಡ್ತಿ ಸಿಕ್ಕಿ ವರ್ಗವಾಯಿತು. ಹೋಗುವಾಗ ಯಂತ್ರದ ಮುಂದೆ ನಿಂತು ಫೋಟೋ ಹೊಡೆಸಿಕೊಂಡರು.

ಮ್ಯಾನೇಜರ್ ಮೈಯೆಲ್ಲ ಕಿವಿಯಾಗಿ ಕೇಳಿದ. ಕೊನೆಗೆ ಚಿಟಿಕೆ ಹೊಡೆದು, "ಗೊತ್ತಾತು ಕಾಕಾ! ಸಾಹೇಬರದೇನೂ ತಪ್ಪಿಲ್ಲ. ನಿಮ್ಮ ಬಾಗಲಾ ಸಣ್ಣದಿತ್ತು," ಅಂದ.

೩. ಹನಿಮೂನಿಗೆ ಹೋದವರು

ಎರಡು ದಿನ ಬಿಟ್ಟು ಅವನ ಹೆಂಡತಿ ನಮ್ಮ ಅಡಿಗೆಮನೆಯಲ್ಲಿ ಬಂದು ಕೂತಳು. ನನ್ನ ಹೆಂಡತಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು, ನಾನೂ ಅಲ್ಲೇ ಇದ್ದೆ.

"ಕಾಕಾರ, ಅವರು ನಿಮ್ಮ ಮಾತು ಕೇಳ್ತಾರ. ಸಣ್ಣದ ತಗೋ ಅಂತ ಹೇಳ್ರಿ."

"ಯಾಕವಾ?"

ಹುಡುಗಿ ಸೊಪ್ಪಿನ ಒಂದು ಕಟ್ಟನ್ನು ತಾನೂ ಕೈಗೆತ್ತಿಕೊಂಡಳು. "ಅದರಾಗ ಎರಡ ಹಾಸಿಗಿ ಅದಾವ," ಅಂದಳು.

ಆಮೇಲೆ ಮನಸ್ಸು ಬಿಚ್ಚಿದಳು. ಮದುವೆಯಾದಾಗಿನಿಂದ ಗಂಡ ಹೆಂಡತಿ ಇಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಹನಿಮೂನಿಗೆ ಊಟಿಗೆ ಹೋದಾಗಲೂ ಅತ್ತೆ ಬಂದಿದ್ದರು, ಅತ್ತೆಯ ಜೊತೆಗೆ ನಾದಿನಿ, ನಾದಿನಿಯ ಮಕ್ಕಳು, ಕ್ಯಾಮೆರಾ ಹಿಡಿಯಲು ಬರುತ್ತದೆ ಎಂಬ ಕಾರಣಕ್ಕೆ ಗಂಡನ ಸೋದರಮಾವ. ಅಲ್ಲಿಯ ಕೆರೆಯಲ್ಲಿ ಇಬ್ಬರು ಕೂತು ತುಳಿಯುವ ದೋಣಿ ಇತ್ತಂತೆ. ಇವಳು ಚಪ್ಪಲಿ ಬಿಟ್ಟು ಹತ್ತಬೇಕು ಅನ್ನುವಷ್ಟರಲ್ಲಿ, ಬೇರೆ ಯಾರ ಜೊತೆಗೂ ನನಗೆ ಅಂಜಿಕೆ ಎಂದು ನಾದಿನಿ ಹೋಗಿ ಅಣ್ಣನ ಪಕ್ಕ ಕೂತುಬಿಟ್ಟಳು.

"ನಾ ದಂಡಿ ಮ್ಯಾಲೆ ಎಲ್ಲಾರ ಚಪ್ಪಲಿ ಹಿಡಕೊಂಡ ನಿಂತಿದ್ದೆ ಕಾಕಾರ. ಫೋಟೋ ಐತಿ. ಮಾಮಾರು ಭಾಳ ಛಲೋ ತಗದಾರ."

ನನ್ನ ಹೆಂಡತಿ ನಗಲು ಹೋಗಿ ಕೆಮ್ಮಿದಳು. ನನಗೆ ನಗು ಬರಲಿಲ್ಲ, ಅಯ್ಯೋ ಅನಿಸಿತು.

ಇನ್ನೂ ಒಂದು ಸಂಗತಿ ಗೊತ್ತಾಯಿತು. ಮ್ಯಾನೇಜರ್ ಹುಸೇನ್‌ಸಾಗರದ ದಂಡೆಯ ಒಂದು ಕ್ಲಬ್ಬಿನಲ್ಲಿ ಹಾಯಿದೋಣಿ ಕಲಿಯಲು ಹೆಸರು ಹಚ್ಚಿಸಿದ್ದ, ತನ್ನದೂ ಹೆಂಡತಿಯದೂ. ಅವನಿಗೆ ಪ್ರತಿ ಸಲ ಯಾವುದೋ ಮೀಟಿಂಗು. ಹಾಗಾಗಿ ಇವಳೊಬ್ಬಳೇ ಭಾನುವಾರ ಬೆಳಿಗ್ಗೆ ಆಟೋ ಹಿಡಿದು ಹೋಗಿ, ಆ ಕೆರೆಯ ವಾಸನೆಯಲ್ಲಿ, ಕಲಿತೇಬಿಟ್ಟಿದ್ದಳು. ಅಂದರೆ ಆ ಮನೆಯಲ್ಲಿ ದೋಣಿ ಬಿಡಲು ಬರುತ್ತಿದ್ದುದು ಇವಳಿಗೆ, ದೋಣಿಯ ಬಗ್ಗೆ ಮಾತಾಡಲು ಬರುತ್ತಿದ್ದುದು ಅವನಿಗೆ.

"ದೊಡ್ಡದರ ಹೊಟ್ಟಿ ಕೆಳಗ ಆಳುದ್ದ ರೆಕ್ಕಿ ಇರತೈತಿ ಕಾಕಾರ. ನೀರ ಇಳೀತು ಅಂದ್ರ ಕೆಸರಾಗ ಹುಗದ ಕುಂದರತೈತಿ. ಸಣ್ಣದರದು ಮೊಳಕಾಲಮಟ ಅಷ್ಟ. ಎಲ್ಲಿ ಬೇಕಾದ್ರೂ ಹೋಗತೈತಿ."

"ಇದನ್ನ ನಿನ್ನ ಗಂಡಗ ಹೇಳಿದೇನು?"

"ಹೇಳಿದೆ."

"ಏನಂದ?"

"'ಅದರಾಗ ಗೀಸರ್ ಐತಿ' ಅಂದ್ರು."

೪. ಸೀಮೆಸುಣ್ಣದ ದೋಣಿ

ಮುಂದಿನ ವಾರ ಮ್ಯಾನೇಜರ್ ಟೆರೇಸಿನ ಮೇಲೆ ಸೀಮೆಸುಣ್ಣದಿಂದ ಎರಡೂ ದೋಣಿಗಳನ್ನು ನಿಜವಾದ ಅಳತೆಯಲ್ಲಿ ಬರೆದ. ಆಫೀಸಿನಲ್ಲಿ ಏನೇ ಮಾಡಿದರೂ ಮೊದಲು ಹೀಗೆ ಮಾದರಿ ಮಾಡಿ ತೋರಿಸಬೇಕಂತೆ. ಸಣ್ಣ ದೋಣಿ ನೀರಿನ ಟಾಕಿಯ ನೆರಳಿನಲ್ಲಿ ಮುಗಿದುಹೋಯಿತು. ದೊಡ್ಡದು ಡಿಶ್ ಆಂಟೆನಾ ಸುತ್ತಿ ಲಿಫ್ಟಿನ ಕೋಣೆಯವರೆಗೆ ಹೋಯಿತು.

ಆ ವಾರ ಮನೆಯಲ್ಲಿ ಇದ್ದವರೆಲ್ಲ ಮೇಲೆ ಬಂದರು. ಹಲ್ಲಿನ ಸಲುವಾಗಿ ಬಂದಿದ್ದ ಸೋದರಮಾವ ದೊಡ್ಡ ದೋಣಿಯ ಗೆರೆ ದಾಟಿ ಒಳಗೆ ಹೋದವನೇ ಮೂಲೆಯ ಹಾಸಿಗೆಯ ಮೇಲೆ ತನ್ನ ಟವೆಲ್ ಹಾಸಿ, "ಇದು ನಂದು," ಅಂದ. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗೆ ಟವೆಲ್ ತೂರಿ ಸೀಟು ಹಿಡಿದು ರೂಢಿಯಾದ ಕೈ ಅದು. ಅದನ್ನು ಕಂಡದ್ದೇ ತಡ, ಉಳಿದವರೂ ಶುರು ಮಾಡಿದರು. ಒಬ್ಬರು ಕರವಸ್ತ್ರ ಇಟ್ಟರು, ಒಬ್ಬರು ಪಂಚಾಂಗ ಇಟ್ಟರು, ಹಿರಿಯ ಚಿಕ್ಕಮ್ಮ ಏನೂ ಸಿಗದೆ ತಾನೇ ಮಲಗಿಬಿಟ್ಟಳು. ಹಾಸಿಗೆ ಆರು, ಬೇಡಿಕೆ ಅದರ ಎರಡು ಪಟ್ಟು. ಹಾಸಿಗೆ ಬಾತ್‌ರೂಮಿಗೆ ಭಾಳ ಹತ್ತಿರ ಐತಿ ಎಂದು ಒಬ್ಬರು ಮುನಿಸಿಕೊಂಡು ಕೆಳಗಿಳಿದು ಹೋದರು. ಬರೀ ಸೀಮೆಸುಣ್ಣದ ಗೆರೆ ಸ್ವಾಮಿ, ಗೋಡೆಯೂ ಇಲ್ಲ ನೀರೂ ಇಲ್ಲ!

ಮ್ಯಾನೇಜರನ ತಾಯಿ ಮಾತ್ರ ಅಡಿಗೆಮನೆ ಎಂದು ಬರೆದ ಚೌಕದಲ್ಲಿ ನಿಂತಿದ್ದರು. ಅವರಿಗೆ ಅಲ್ಲಿ ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ.

"ತಮ್ಮಾ, ಒಲಿ ಎರಡ ಅದಾವಲ್ಲೋ. ಇಷ್ಟ ಮಂದೀಗೆ ರೊಟ್ಟಿ ಬಡಿಯೂದು ಹ್ಯಾಂಗ?"

"ಅವ್ವಾ, ಅದು ನೀ ಮ್ಯಾನೇಜ್ ಮಾಡ್ತೀ," ಅಂದ ಮ್ಯಾನೇಜರ್. ಆಫೀಸಿನಲ್ಲಿ ಕೈಕೆಳಗಿನವರಿಗೂ ಹೀಗೆಯೇ ಹೇಳುತ್ತಿದ್ದನೇನೋ.

ಸೊಸೆ ಈ ಗದ್ದಲ ಬಿಟ್ಟು ಸಣ್ಣ ದೋಣಿಯ ಗೆರೆಯೊಳಗೆ ಒಬ್ಬಳೇ ಕಾಲು ಚಾಚಿ ಕೂತಿದ್ದಳು. ಗಾಳಿಗೆ ಮುಖ ಒಡ್ಡಿದ್ದಳು. ಸೋದರಮಾವ ತನ್ನ ಹಾಸಿಗೆಯಿಂದಲೇ ಕೂಗಿದ, "ಏನವಾ, ಅಲ್ಲೇನ ಕುಂತೀ? ಎಲ್ಲಾರಿಗೂ ಒಂದೊಂದ ಕಪ್ ಚಾ ಮಾಡಲಾ."

ಅವಳು ಕುಳಿತಲ್ಲಿಂದ ಅಲುಗಲಿಲ್ಲ. "ನಾ ನೀರಾಗ ಅದೀನ್ರಿ ಮಾಮಾ. ದಂಡಿ ಭಾಳ ದೂರ ಐತಿ."

೫. ಪೂರ್ವಕ್ಕೆ ಮೂತಿ

ಹೈದರಾಬಾದಿನಲ್ಲಿ ವಾಸ್ತು ಕೇಳದೆ ಯಾರೂ ಪೊರಕೆಯನ್ನೂ ಮೂಲೆಗೆ ಇಡುವುದಿಲ್ಲ. ಇಡೀ ಅಮೆರಿಕದ ಲೆಕ್ಕ ಬರೆಯುವ ಕಂಪ್ಯೂಟರುಗಳೇ ಇಲ್ಲಿ ಈಶಾನ್ಯ ನೋಡಿ ಕೂರುತ್ತವೆ. ಮ್ಯಾನೇಜರ್ ಲಿಂಗಂಪಲ್ಲಿಯಿಂದ ವಾಸ್ತು ಹೇಳುವ ಒಬ್ಬ ಸಿದ್ಧಾಂತಿಯನ್ನು ಕರೆತಂದ. ದಿಕ್ಸೂಚಿ, ಶಾಲು, ಎರಡು ಮೊಬೈಲು ಇದ್ದ ದೊಡ್ಡ ಆಸಾಮಿ. ತೆಲುಗಿನಲ್ಲಿ ಕನ್ನಡ ಬೆರೆಸಿ ಮಾತಾಡುತ್ತಿದ್ದ.

ಎರಡೂ ನಕ್ಷೆಗಳನ್ನು ನೋಡಿದ. ದೊಡ್ಡದರಲ್ಲಿ ಅಡಿಗೆಮನೆ ಬಲಗಡೆ ಮುಂದಕ್ಕಿತ್ತು. "ಚಾಲಾ ಮಂಚಿದಿ, ಬಹಳ ಒಳ್ಳೆಯದು! ಮೂತಿ ಪೂರ್ವಕ್ಕೆ ಇಟ್ಟರೆ ವಂಟಿಲ್ಲು, ಅದೇ ನಿಮ್ಮ ಅಡಿಗೆಮನೆ, ಆಗ್ನೇಯಕ್ಕೆ ಬಂತು. ಅಗ್ನಿ ಸ್ಥಾನ. ಲಕ್ಷ್ಮಿ ಕಾಲು ಮುರಿದುಕೊಂಡು ಬೀಳ್ತಾಳೆ." ಸಣ್ಣದರ ನಕ್ಷೆ ನೋಡಿದವನೇ ಕಿವಿ ಮುಟ್ಟಿಕೊಂಡ. ಅದರಲ್ಲಿ ಒಲೆ ಎಡಗಡೆ ಮುಂದಕ್ಕಿತ್ತು. "ಪೂರ್ವಕ್ಕೆ ಇಟ್ಟರೆ ಒಲೆ ಈಶಾನ್ಯಕ್ಕೆ. ದೇವರ ಮೂಲೆಯಲ್ಲಿ ಬೆಂಕಿ! ಸರ್ವನಾಶ."

ಸೊಸೆ ಬಾಗಿಲ ಬಳಿ ನಿಂತಿದ್ದವಳು ಕೇಳಿದಳು, "ದೋಣಿ ತಿರುಗಿಸಿದ್ರ ಒಲಿನೂ ತಿರಗತೈತಲ್ರಿ?"

"ಅಮ್ಮಾ, ಎಲ್ಲಾದರೂ ಮನೆ ತಿರುಗುತ್ತದಾ?"

"ಮನಿ ತಿರಗಂಗಿಲ್ಲ. ದೋಣಿ ತಿರಗತೈತಿ. ತಿರಗದ ಇದ್ರ ಅದು ದೋಣಿ ಅಲ್ರಿ."

ಸಿದ್ಧಾಂತಿ ದಿಕ್ಸೂಚಿಯನ್ನು ಶಾಲಿನಿಂದ ಒರೆಸಿಕೊಂಡ. ಆಮೇಲೆ ಮ್ಯಾನೇಜರನ ಕಡೆ ತಿರುಗಿ ಗಂಭೀರವಾಗಿ ಅಪ್ಪಣೆ ಮಾಡಿದ, "ಸಾರ್, ದೊಡ್ಡದೇ ತಗೊಳ್ಳಿ. ಮೂತಿ ಯಾವಾಗಲೂ ಪೂರ್ವಕ್ಕೇ ಇರಲಿ. ತಿರುಗಿಸಲೇಬೇಡಿ."

ನನಗೆ ತಡೆಯಲಾಗಲಿಲ್ಲ. "ಸಿದ್ಧಾಂತಿಗಾರೂ, ಗೋವಾದಾಗ ಸಮುದ್ರ ಪಶ್ಚಿಮಕ್ಕ ಐತ್ರಿ. ಮೂತಿ ಪೂರ್ವಕ್ಕ ಇಟ್ಟು ಬಿಟ್ರ ಹಡಗ ಗುಡ್ಡಾ ಹತ್ತಿ ಸೀದಾ ಧಾರವಾಡಕ್ಕ ಹೋಗತೈತಿ."

ಸೋದರಮಾವ ಹಲ್ಲು ನೋವು ಮರೆತು ಎದ್ದು ಕೂತ. "ಭಾಳ ಛಲೋ ಆತು! ನಮಗ ಮನೀ ಮುಂದ ಹತ್ತಾಕ ಬರತೈತಿ."

೬. ನೀರು ಇಳಿದಾಗ

ಗೋವಾದಲ್ಲಿ ಒಬ್ಬ ದಲ್ಲಾಳಿಯ ಹತ್ತಿರ ಎರಡೂ ಥರದ ದೋಣಿಗಳಿದ್ದವು. ಹೊಳೆಯು ಸಮುದ್ರ ಸೇರುವ ಕಡೆ ಒಂದೇ ಕಟ್ಟೆಗೆ ಅಕ್ಕಪಕ್ಕ ಕಟ್ಟಿದ್ದ. ಓಡಿಸಿ ನೋಡಿ, ಬೇಕಾದ್ದನ್ನು ಒಯ್ಯಿರಿ ಎಂದಿದ್ದ. ಖರೀದಿ ಬಲ್ಲವನೆಂದು ನನ್ನನ್ನೂ ಕರೆದುಕೊಂಡು ಹೋದರು. ಧಾರವಾಡದಿಂದ ಒಂದು ಬಸ್ಸು ತುಂಬ ಮಂದಿ ಬೇರೆ ಬಂದಿಳಿದರು. ರೊಟ್ಟಿ ಗಂಟು, ಶೇಂಗಾ ಚಟ್ನಿ, ಚಹಾದ ದೊಡ್ಡ ಪಾತೇಲಿ, ಒಡೆಯಲು ಕುಂಬಳಕಾಯಿ, ಎಲ್ಲ ಜೊತೆಗೆ.

ಮುದುಕ ದಲ್ಲಾಳಿ ಹೊಳೆಯನ್ನು ತೋರಿಸಿ, "ಬೇಗ ಹೊರಡಿ. ಇಳಿತ ಶುರುವಾಗಿದೆ, ಇನ್ನು ಸ್ವಲ್ಪ ಹೊತ್ತಿಗೆ ಇಲ್ಲಿ ನೀರು ಇರುವುದಿಲ್ಲ," ಅಂದ. ಯಾರು ಕೇಳಬೇಕು? ಪೂಜೆ ಆಗದೆ ಹೊರಡುವುದುಂಟೇ? ದೊಡ್ಡ ದೋಣಿಯ ಮೂತಿ ಸಮುದ್ರದ ಕಡೆಗೆ, ಅಂದರೆ ಪಶ್ಚಿಮಕ್ಕಿತ್ತು. ಹಗ್ಗ ಹಾಕಿ ಎಳೆದು ಪೂರ್ವಕ್ಕೆ ತಿರುಗಿಸಿದರು. ಎಲ್ಲರೂ ಹತ್ತಿದರು. ಮಾವ ಟವೆಲ್ ಹಾಸಿದ. ಸಿದ್ಧಾಂತಿ ಮೊಬೈಲಿನಲ್ಲಿ ಮುಹೂರ್ತ ಹೇಳಿದ, ಕುಂಬಳಕಾಯಿ ಒಡೆಯಿತು, ಆರತಿಯಾಯಿತು, ಅತ್ತೆ ಒಳಗೆ ಹೋಗಿ ಚಹಾಕ್ಕೆ ಇಟ್ಟರು.

ಮೂರನೆಯ ಆರತಿಗೆ ಕೆಳಗಿನಿಂದ ಒಂದು ಸದ್ದು ಬಂತು. ಆಳುದ್ದದ ರೆಕ್ಕೆ ಕೆಸರಿನಲ್ಲಿ ಕೂತಿತ್ತು. ದೋಣಿ ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿತು. ಆರತಿ ತಟ್ಟೆ, ಲಿಂಬೆಹಣ್ಣು, ಹಿರಿಯ ಚಿಕ್ಕಮ್ಮ, ಎಲ್ಲರೂ ಒಂದೇ ಮೂಲೆಗೆ ಜಾರಿದರು.

"ಇನ್ನೇನಿದ್ದರೂ ಸಂಜೆ ಭರತದ ನೀರು ಏರಿದ ಮೇಲೆ," ಅಂದ ದಲ್ಲಾಳಿ, ಬೀಡಿ ಹಚ್ಚಿ.

ಆಗ ಸೊಸೆ ಸಣ್ಣ ದೋಣಿಯಲ್ಲಿ ನಿಂತು ಹಗ್ಗ ಬಿಚ್ಚುತ್ತಿದ್ದಳು. ಅವಳು ಬಿಚ್ಚುವ ರೀತಿ ನೋಡಿದ ಮುದುಕ ಸರಿ ಎಂದು ತಲೆ ಆಡಿಸಿದ. ಅವಳು ಗಂಡನಿಗೆ ಕೈ ಚಾಚಿದಳು.

"ರೀ, ಇದಕ್ಕ ಇನ್ನೂ ನೀರ ಸಾಕು. ಬರ್ರಿ, ನಾವಿಬ್ಬರ ಹೋಗೂಣು."

ಮ್ಯಾನೇಜರ್ ವಾಲಿದ ದೋಣಿಯ ಕಂಬ ಅಪ್ಪಿಕೊಂಡು ನಿಂತಿದ್ದ. ಒಮ್ಮೆ ಹೆಂಡತಿಯನ್ನು ನೋಡಿದ, ಒಮ್ಮೆ ಜಾರಿ ಕೂತ ಬಳಗವನ್ನು ನೋಡಿದ. ಹೋಗೋ ಮಾರಾಯ, ಹಾರು ಎಂದು ನಾನು ಮನಸ್ಸಿನಲ್ಲೇ ಕೂಗಿದೆ.

"ಇಷ್ಟ ಮಂದೀನ ಬಿಟ್ಟ ಹ್ಯಾಂಗ ಬರ್ಲಿ? ಏನಂದಾರು?" ಅಂದ.

ಅವಳು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಹಾಯಿ ಏರಿತು, ಗಾಳಿ ತುಂಬಿತು, ದೋಣಿ ಹೊರಟೇಹೋಯಿತು. ನಾವು ದಿನವಿಡೀ ಆ ವಾಲಿದ ದೋಣಿಯಲ್ಲಿ ಸೊಟ್ಟಗೆ ಕೂತು ರೊಟ್ಟಿ ತಿಂದೆವು. ಒಳಗಿನಿಂದ ಚಹಾ ಬರುತ್ತಲೇ ಇತ್ತು. ಮುಹೂರ್ತ ಛಲೋ ಇತ್ತು, ಇಲ್ಲದಿದ್ದರೆ ಪೂರ್ತಿ ಮಗುಚುತ್ತಿತ್ತು ಎಂದು ಮಾವ ಹೇಳಿದ್ದನ್ನು ಎಲ್ಲರೂ ಒಪ್ಪಿದರು.

ಸಂಜೆ ನೀರು ಏರುತ್ತಿರುವಾಗ ಅವಳು ಹಿಂದಿರುಗಿದಳು. ಮುಖ ಬಿಸಿಲಿಗೆ ಕೆಂಪಾಗಿತ್ತು. ಅಂಥ ಮುಖವನ್ನು ನಾನು ಕೂಕಟ್‌ಪಲ್ಲಿಯಲ್ಲಿ ಒಮ್ಮೆಯೂ ಕಂಡಿರಲಿಲ್ಲ.

"ಎಲ್ಲಿಗ ಹೋಗಿದ್ದಿ?" ಮ್ಯಾನೇಜರ್ ಕಟ್ಟೆಗೆ ಇಳಿದು ಗದರಿದ.

"ಪಶ್ಚಿಮಕ್ಕ," ಅಂದಳು.

ದಲ್ಲಾಳಿ ಬಂದು, ಕೊನೆಗೆ ಯಾವುದು ಎಂದು ಕೇಳಿದ. ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆ ಸೆರಗಿಗೆ ಕೈ ಒರಸಿಕೊಳ್ಳುತ್ತ ಹೊರಗೆ ಬಂದರು.

"ಸಣ್ಣದು," ಅಂದರು.

"ಅವ್ವಾ! ಅದರಾಗ ಎರಡ ಹಾಸಿಗಿ ಅದಾವ."

"ಹೌದಲಾ, ಸಾಕು. ನಾನು, ಆಕಿ."

ಬಳಗ ಎಲ್ಲ ಬಾಯಿ ಬಿಟ್ಟುಕೊಂಡು ನೋಡಿತು. ಅತ್ತೆ ಸೊಸೆಯ ಕಡೆ ತಿರುಗಿದರು. "ಮದುವಿ ಆದಾಗಿಂದ ಈ ಮಂದೀಗೆ ಚಾ ಕಾಸಾಕತ್ತೀನಿ. ಇವತ್ತ ಸಮುದ್ರಕ್ಕ ಬಂದ್ರೂ ಸಮುದ್ರ ಕಾಣಲಿಲ್ಲವಾ. ಒಲಿ ಮುಂದಿನ ಕಿಟಕಿಯಾಗ ಬರೇ ಕೆಸರ ಕಾಣ್ತಿತ್ತು. ನನ್ನ ಕರಕೊಂಡ ಹೋಗತೀಯೇನು?"

ಎರಡು ಹಾಸಿಗೆಯ ಕನಸು ಕಂಡಾಗ ಎರಡನೆಯದರಲ್ಲಿ ಅತ್ತೆ ಇರುತ್ತಾರೆಂದು ಸೊಸೆಗೆ ಹೊಳೆದಿರಲಿಕ್ಕಿಲ್ಲ. ಆದರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬೆಳಿಗ್ಗೆ ಹಿಂದಕ್ಕೆ ತೆಗೆದುಕೊಂಡ ಅದೇ ಕೈಯನ್ನು ಮತ್ತೆ ಚಾಚಿದಳು. "ಬರ್ರಿ ಅತ್ತಿ. ಚಪ್ಪಲಿ ಬಿಟ್ಟ ಹತ್ತರಿ."

ಅತ್ತೆ ಚಪ್ಪಲಿ ಕಳಚಿ ಮಗನ ಕೈಗೆ ಕೊಟ್ಟರು. ಸೊಸೆಯೂ ತನ್ನವನ್ನು ಕೊಟ್ಟಳು. ದೋಣಿ ಕಟ್ಟೆ ಬಿಟ್ಟು ಸರಿಯಿತು. ಎರಡು ಜೊತೆ ಚಪ್ಪಲಿ ಹಿಡಿದು ದಂಡೆಯ ಮೇಲೆ ನಿಂತ ಮ್ಯಾನೇಜರನ ಫೋಟೋವನ್ನು ಸೋದರಮಾವ ಭಾಳ ಛಲೋ ತೆಗೆದ.

"ಅವ್ವಾ, ಮತ್ತ ನಾನು?" ಎಂದು ಅವನು ಕೂಗಿದ.

"ನೀ ದೊಡ್ಡದರಾಗ ಇರಪಾ," ನೀರಿನ ಮೇಲಿಂದ ಉತ್ತರ ಬಂತು. "ಮಂದಿ ಚಾ ಕೇಳಾಕತ್ತಾರ, ಮಾಡಿ ಕೊಡು. ಅಡಿಗಿಮನಿ ಆಗ್ನೇಯಕ್ಕ ಐತಿ, ನಿನಗೇನೂ ತ್ರಾಸ ಆಗಂಗಿಲ್ಲ."